ಒಂದೇ ಮೈಕು, ಇಬ್ಬರು ನಾವು

ಮೈಕ್ ಕೈಯಲ್ಲಿ ಇಲ್ಲದಾಗ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕು ಅನ್ನೋದೇ ನನಗೆ ತಿಳಿಯಲಿಲ್ಲ. ಹಿಂದೆ ಕಟ್ಟಿದರೆ ಮಾಸ್ತರ ಮುಂದೆ ಪಾಠ ಒಪ್ಪಿಸಲು ನಿಂತ ಹಾಗೆ. ಮುಂದೆ ಕಟ್ಟಿದರೆ ಬೀಗರ ಮನೆಗೆ ಹೋದ ಹಾಗೆ. ಕೊನೆಗೆ ಸೆರಗಿನ ತುದಿ ಹಿಡಿದುಕೊಂಡು ನಿಂತೆ. ಫೋಟೋದಲ್ಲೂ ಹಾಗೇ ಬಂದಿದ್ದೇನೆ. ಪಕ್ಕದಲ್ಲಿ ಅಕ್ಕ ಮೈಕ್ ಹಿಡಿದು ನಗುತ್ತಿದ್ದಾರೆ, ನಾನು ಸೆರಗು ಹಿಡಿದು ಬೆವರುತ್ತಿದ್ದೇನೆ.

ನಾನು ಬೆಟಗೇರಿಯಲ್ಲಿ ಬಟ್ಟೆ ಹೊಲಿಯುತ್ತೇನೆ. ಗದಗಿಗೂ ಬೆಟಗೇರಿಗೂ ನಗರಸಭೆ ಒಂದೇ. ಆದರೂ ನಮ್ಮ ಕಡೆಯವರು ಪೇಟೆಗೆ ಹೊರಟರೆ ಈಗಲೂ 'ಗದಗಿಗೆ ಹೋಗಿ ಬರ್ತೇನಿ' ಅಂತಲೇ ಹೇಳೋದು. ನಮ್ಮ ಓಣಿಯಲ್ಲಿ ಹೆಂಗಸರ ಉಳಿತಾಯದ ಸಂಘ ಇದೆ. 2000ರಲ್ಲಿ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದಾಗ ಅಂಗನವಾಡಿ ಟೀಚರ್ ಮನೆ ಮನೆ ತಿರುಗಿ 18 ಜನರನ್ನು ಕೂಡಿಸಿದರು. ಆಗ ವಾರಕ್ಕೆ 10 ರೂಪಾಯಿ. ಆ 10 ರೂಪಾಯಿಯನ್ನು ಗಂಡನಿಗೆ ಕಾಣದ ಹಾಗೆ ಸಾಸಿವೆ ಡಬ್ಬಿಯಲ್ಲಿ ಇಟ್ಟವರು ನಮ್ಮಲ್ಲಿ ಅರ್ಧ ಜನ. ಸಂಘದ ಪುಸ್ತಕ ಬರೆಯುವ ಕೆಲಸ ಮೊದಲಿನಿಂದಲೂ ನನ್ನದು. ಕಳೆದ ಡಿಸೆಂಬರ್‌ನಲ್ಲಿ ಸಂಘಕ್ಕೆ 25 ತುಂಬಿತು. ಸಮುದಾಯ ಭವನದಲ್ಲಿ ಒಂದು ಕಾರ್ಯಕ್ರಮ ಮಾಡಬೇಕು ಅಂತ ತೀರ್ಮಾನವಾಯಿತು.

ಇಷ್ಟು ವರ್ಷ ನಮ್ಮ ಕಾರ್ಯಕ್ರಮಗಳಿಗೆ ನಿರೂಪಣೆ ಮಾಡಲು ಹೊರಗಿನಿಂದ ಒಬ್ಬರು ಬರುತ್ತಿದ್ದರು. ಒಳ್ಳೆಯ ಕಂಠ, ಒಳ್ಳೆಯ ಮನುಷ್ಯ. ಆದರೆ ಒಬ್ಬರ ಭಾಷಣಕ್ಕೂ ಇನ್ನೊಬ್ಬರ ಭಾಷಣಕ್ಕೂ ನಡುವೆ ಅವರದೇ ಇನ್ನೊಂದು ಭಾಷಣ. ನಾಲ್ಕು ವಚನ, ಎರಡು ಚುಟುಕು, ಒಂದು ನಗೆಹನಿ. ನಾವು ಹೆಂಗಸರು ಆರತಿ ತಟ್ಟೆ ಹಿಡಿಯೋದು, ಹಾರ ತಂದು ಕೊಡೋದು, ಚಹಾ ಹಂಚೋದು. ನಮ್ಮ ಸಂಘದ ಹಬ್ಬದಲ್ಲಿ ನಮ್ಮ ಬಾಯಿಂದ ಬರುತ್ತಿದ್ದ ಮಾತು ಅಂದರೆ 'ಚಹಾ ತಗೋರಿ' ಅನ್ನೋದೊಂದೇ.

ಈ ಸಲ ನಾವೇ ಮಾಡೋಣ ಅಂದಾಗ ಎಲ್ಲರೂ ಹೂಂ ಅಂದರು. ಯಾರು ಮಾಡೋದು ಅಂದಾಗ ಎಲ್ಲರೂ ನೆಲ ನೋಡಿದರು.

ಅರ್ಧ ಜನ ನನ್ನ ಹೆಸರು ಹೇಳಿದರು. ಓದು ಬರಹ ಬರುತ್ತದೆ, ಎಸ್ಸೆಸ್ಸೆಲ್ಸಿ ಪಾಸು. ಇನ್ನರ್ಧ ಜನ ಅಕ್ಕನ ಹೆಸರು ಹೇಳಿದರು. ಅಕ್ಕ ಅಂದರೆ ನಮ್ಮ ಓಣಿಯ ಕೊನೆಯಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವವರು. ವಯಸ್ಸು 60ರ ಹತ್ತಿರ. ಸಹಿ ಮಾಡುತ್ತಾರೆ, ಬಸ್ಸಿನ ಬೋರ್ಡು ಗುರುತು ಹಿಡಿಯುತ್ತಾರೆ, ಅದಕ್ಕಿಂತ ಜಾಸ್ತಿ ಓದಲು ಬರಲ್ಲ. ಆದರೆ ಸೋಬಾನೆ ಪದ ಹಿಡಿದರೆ ಬೀದಿ ತುದಿಗೆ ಕೇಳುತ್ತದೆ. ಯಾರದೇ ಮದುವೆ ಇರಲಿ, ಒಡಪು ಹೇಳಿಸೋದು ಅವರೇ.

ಯಾರೂ ಬಿಟ್ಟುಕೊಡಲಿಲ್ಲ. 'ಇಬ್ರೂ ಮಾಡ್ರಿ' ಅಂದರು ಅಂಗನವಾಡಿ ಟೀಚರ್. ಜಗಳ ಮುಗಿಸಲು ಹೇಳಿದ ಮಾತು ಅದು. ಇಬ್ಬರು ಕೂಡಿ ನಿರೂಪಣೆ ಮಾಡೋದು ಒಬ್ಬರು ಮಾಡೋದಕ್ಕಿಂತ ಕಷ್ಟ ಅಂತ ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಅದೇ ಸಭೆಯಲ್ಲಿ ಇನ್ನೊಂದು ಮಾತೂ ಬಂತು. ಹಿರಿಯರೊಬ್ಬರು ಮೆಲ್ಲಗೆ ಅಂದರು, 'ದೀಪಾ ಹಚ್ಚೂತನಾ ಟೇಲರ್ ಬಾಯಿ ಒಬ್ಬಾಕಿನ ಇರಲಿ. ಆಮ್ಯಾಲ ಅಕ್ಕ ಬರಲಿ.' ಅಕ್ಕನ ಯಜಮಾನರು ತೀರಿಕೊಂಡು 11 ವರ್ಷ ಆಗಿದೆ. ಮಾತಿನ ಅರ್ಥ ಎಲ್ಲರಿಗೂ ಆಯಿತು. ನಾನು ಆಗಲೇ ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಪುಸ್ತಕದಲ್ಲಿ ಏನೋ ಬರೆಯುತ್ತಿರುವ ಹಾಗೆ ತಲೆ ಬಗ್ಗಿಸಿದೆ. ಅಕ್ಕನೇ ಹೇಳಿದರು. 'ದಿನಾ ಮುಂಜಾನೆ ಐದಕ್ಕ ಒಲಿ ಹಚ್ಚಾಕಿ ನಾನ. ಅದರ ಮ್ಯಾಲಿನ ರೊಟ್ಟಿ ಓಣಿ ಮಂದೆಲ್ಲಾ ಉಣ್ತೀರಿ. ದೀಪಕ್ಕೇನಾತು?'

ಮುಂದೆ ಯಾರೂ ಮಾತಾಡಲಿಲ್ಲ. ದೀಪ ಬೆಳಗಿಸಲು ಅತಿಥಿಗಳನ್ನು ಕರೆಯುವ ಕೆಲಸವನ್ನು ನಾನು ಪಟ್ಟಿಯಲ್ಲಿ ಅಕ್ಕನ ಹೆಸರಿಗೇ ಬರೆದೆ. ಬಾಯಿ ಬಿಡದಿದ್ದವಳು ಪೆನ್ನಿನಲ್ಲಾದರೂ ಬಿಡಬೇಕಲ್ಲ.

ಮೊದಲ ವಾರ ನಾನು ಮಾಡಿದ ಕೆಲಸವೆಲ್ಲ ವ್ಯರ್ಥ. ಹಳೆಯ ಲಗ್ನ ಪತ್ರಿಕೆಗಳನ್ನು ಅಂಗೈ ಅಗಲಕ್ಕೆ ಕತ್ತರಿಸಿ, ಖಾಲಿ ಮಗ್ಗುಲಿಗೆ ಮಾತು ಬರೆದೆ. ಬಟ್ಟೆ ಕತ್ತರಿಸುವವಳಿಗೆ ಅಳತೆ ತಪ್ಪಬಾರದು ಅನ್ನೋ ಚಟ. ನನಗೆ 14 ಚೀಟಿ, ಅಕ್ಕನಿಗೆ 14 ಚೀಟಿ. ಒಂದು ವಾಕ್ಯ ನನ್ನದು, ಒಂದು ಅವರದು. ಅವರ ಪಾಲಿನದನ್ನು ನಾನು ಓದಿ ಹೇಳೋದು, ಅವರು ಬಾಯಿಪಾಠ ಮಾಡೋದು ಅಂತ ಲೆಕ್ಕ.

ರಿಹರ್ಸಲ್ ಅವರ ಮನೆಯಲ್ಲೇ. ಅವರ ಕೈ ಬಿಡುವಾಗೋದು ಮಧ್ಯಾಹ್ನ ಮೂರರ ಮೇಲೆ. ಆಗಲೂ ಪೂರ್ತಿ ಬಿಡುವಿಲ್ಲ, ಒಲೆಯ ಸುತ್ತ ಆನಿಸಿಟ್ಟ ರೊಟ್ಟಿಗಳನ್ನು ತಿರುವುತ್ತಲೇ ಇರಬೇಕು. ಮೈಕಿನ ಬದಲು ಒಂದೊಂದು ಲಟ್ಟಣಗಿ ಹಿಡಿದುಕೊಂಡೆವು. ನಾನು ಓದಿದೆ, 'ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯಾತಿಗಣ್ಯರೇ.' ಅಕ್ಕ ತಮ್ಮ ಲಟ್ಟಣಗಿ ಬಾಯಿ ಹತ್ತಿರ ಹಿಡಿದು ಅದನ್ನೇ ಹೇಳಲು ಹೋದರು. 'ಗಣ್ಯಾತಿ… ಗಣ್ಣ್ಯಾತಿ…' ನಿಲ್ಲಿಸಿ ನನ್ನ ಮುಖ ನೋಡಿದರು.

'ಇದು ಯಾರ ಮನಿ ಭಾಷೆವಾ ತಂಗಿ?'

'ಸ್ಟೇಜಿನ ಭಾಷೆ ಅಕ್ಕಾರ.'

'ಸ್ಟೇಜಿಗೆ ಬರೋ ಮಂದಿ ಮನ್ಯಾಗ ಏನ್ ಮಾತಾಡ್ತಾರ?'

ಉತ್ತರ ನನ್ನ ಹತ್ತಿರ ಇರಲಿಲ್ಲ. ಮೂರು ದಿನ ಹೀಗೇ ಎಳೆದಾಡಿದೆವು. ಅವರು ಬಾಯಿಪಾಠ ಮಾಡಿದ್ದು ಹೇಳುವಾಗ ದನಿ ಸತ್ತು ಹೋಗುತ್ತಿತ್ತು. ಮಾತು ಮುಗಿದ ಕೂಡಲೇ 'ಏ, ಆ ರೊಟ್ಟಿ ತಿರುವಿ ಹಾಕವಾ' ಅಂತ ಮೊಮ್ಮಗಳಿಗೆ ಕೂಗಿದರೆ ಅದೇ ದನಿ ಜೀವ ಬಂದು ಎದ್ದು ಕೂರುತ್ತಿತ್ತು.

ದಾರಿ ಕಾಣಿಸಿದ್ದು ರೇಡಿಯೋದ ನೆನಪಿನಿಂದ. ಧಾರವಾಡ ಆಕಾಶವಾಣಿ 1950ರಿಂದ ನಮ್ಮ ಸೀಮೆಯ ಮನೆಗಳಲ್ಲಿ ಮಾತಾಡುತ್ತಿದೆ. ನಾನು ಸಣ್ಣವಳಿದ್ದಾಗ ಸಂಜೆ ಅಪ್ಪ ರೈತರ ಕಾರ್ಯಕ್ರಮ ಹಚ್ಚುತ್ತಿದ್ದ. ಅದರಲ್ಲಿ ಇಬ್ಬರು ಮಾತಾಡುತ್ತಿದ್ದರೆ ಕಟ್ಟೆ ಮೇಲೆ ಕೂತು ಹರಟಿದ ಹಾಗೆ ಇರುತ್ತಿತ್ತು. ಒಬ್ಬರು ಕೇಳೋದು, ಇನ್ನೊಬ್ಬರು ಹೇಳೋದು. ಬರೆದದ್ದನ್ನು ಎರಡು ಪಾಲು ಮಾಡಿ ಓದುತ್ತಿರಲಿಲ್ಲ ಅವರು. ಅದನ್ನು ಅಕ್ಕನಿಗೆ ಹೇಳಿದೆ. 'ಹಂಗಾರ ನಾ ಕೇಳ್ತೇನಿ, ನೀ ಹೇಳು' ಅಂದರು. ಅಷ್ಟೇ. ಅವರ 14 ಚೀಟಿ ಒಲೆಗೆ ಹೋದವು.

ಹೊಸ ಲೆಕ್ಕ ಹೀಗಾಯಿತು. ಹೆಸರು, ಹುದ್ದೆ, ಇಸವಿ, ಅಂಕಿ ಎಲ್ಲ ನನ್ನದು. ಅತಿಥಿಗಳ ಪೈಕಿ ಒಬ್ಬರ ಹುದ್ದೆ 'ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು'. ಅದನ್ನು ನಿಲ್ಲದೆ ಹೇಳೋದಕ್ಕೇ ನನಗೆ ಎರಡು ದಿನ ಬೇಕಾಯಿತು. ಜನರನ್ನು ಎಬ್ಬಿಸೋದು, ಕೂರಿಸೋದು, ಚಪ್ಪಾಳೆ ಹೊಡೆಸೋದು, ಸನ್ಮಾನಕ್ಕೆ ಬಂದವರ ಕಥೆ ಹೇಳೋದು ಅಕ್ಕನದು. ನಾನು ಪುಸ್ತಕದ ಕನ್ನಡ ಸ್ವಲ್ಪ ಇಳಿಸಿದೆ, ಅವರು ತಮ್ಮ ಮಾತಿನಲ್ಲೇ ಇದ್ದರು.

ಉಳಿದದ್ದು ಕಾರ್ಯಕ್ರಮದ ಕ್ರಮ. ಚೀಟಿ ಓದಲು ಬಾರದವರು ಯಾವುದಾದ ಮೇಲೆ ಯಾವುದು ಅಂತ ನೆನಪಿಡೋದು ಹೇಗೆ? ನಾನು ದೀಪ, ಹೂವು, ಶಾಲು ಅಂತ ಚಿತ್ರ ಬಿಡಿಸಲು ಕೂತೆ. ನನ್ನ ಶಾಲು ಹೊಲದ ಒಡ್ಡಿನ ಹಾಗೆ ಬಂತು. ಅಕ್ಕ ನಕ್ಕು ತಮ್ಮದೇ ದಾರಿ ಮಾಡಿಕೊಂಡರು. 'ಒಲಿ ಹಚ್ಚೋದು ಅಂದ್ರ ದೀಪ. ಎಸರಿಡೋದು ಅಂದ್ರ ಟೀಚರ್ ಮಾಡೋ ಪ್ರಾಸ್ತಾವಿಕ. ಹಿಟ್ಟು ನಾದೋದು ಅತಿಥಿಗಳ ಮಾತು, ಅದು ಎಷ್ಟ್ ನಾದಿದ್ರೂ ಮುಗಿಯಂಗಿಲ್ಲ. ರೊಟ್ಟಿ ಬಡಿಯೋದು ಸನ್ಮಾನ, ಚಪ್ಪಾಳಿ ಬೇಕಲ್ಲ. ಬುಟ್ಟಿ ತುಂಬಿಸಿ ಅರಿವಿ ಮುಚ್ಚೋದು ವಂದನಾರ್ಪಣೆ.' ಒಂದೇ ಸಲ ಹೇಳಿದರು. ಆಮೇಲೆ ಒಮ್ಮೆಯೂ ತಪ್ಪಲಿಲ್ಲ.

ನಾಡಗೀತೆಯದು ಬೇರೆ ಪೇಚು. ಹಾಡುವ ಹುಡುಗಿಯರಿಗೆ ಪರೀಕ್ಷೆ ಇತ್ತು, ಹಾಗಾಗಿ ಮೊಬೈಲಿನಿಂದ ಹಚ್ಚೋದು ಅಂತಾಯಿತು. ಎರಡೂವರೆ ನಿಮಿಷದಲ್ಲಿ ಮುಗಿಯಬೇಕು ಅಂತ 2022ರಲ್ಲೇ ಸರ್ಕಾರದ ಆದೇಶ ಆಗಿದೆ. ನಾನು ಮೊದಲು ಇಳಿಸಿಕೊಂಡದ್ದು ಅದರ ಎರಡರಷ್ಟು ಉದ್ದ ಇತ್ತು. ಮಂಡಿ ನೋವಿನ ಹಿರಿಯರು ಅಷ್ಟು ಹೊತ್ತು ನಿಲ್ಲಬೇಕಲ್ಲ ಅಂತ ಹುಡುಕಿ ಹುಡುಕಿ ಸರಿಯಾದದ್ದು ತೆಗೆದಿಟ್ಟೆ. ನೀವೂ ಕಾರ್ಯಕ್ರಮ ಮಾಡುವವರಾದರೆ ಹಿಂದಿನ ದಿನವೇ ಪೂರ್ತಿ ಕೇಳಿ ನೋಡಿ. ನಡುವೆ ಜಾಹೀರಾತು ಬಂದು ಬಿಟ್ಟರೆ ಮಾನ ಹೋಗುತ್ತದೆ.

ಸೀರೆಯದು ಹೇಳುವಂಥದ್ದೇನಿಲ್ಲ. ಇಬ್ಬರಿಗೂ ಒಂದೇ ಬಣ್ಣದ ಇಳಕಲ್ ಸೀರೆ ಅಂತ ಹುಡುಗಿಯರು ಹಟ ಹಿಡಿದರು. ಬ್ಯಾಂಡಿನವರ ಹಾಗೆ ಕಾಣುತ್ತೇವೆ ಅಂತ ಅಕ್ಕ ಒಪ್ಪಲಿಲ್ಲ.

ಕಾರ್ಯಕ್ರಮ ಭಾನುವಾರ ಬೆಳಗ್ಗೆ 11ಕ್ಕೆ. ನಾವು ಹತ್ತಕ್ಕೇ ಹೋದೆವು. ಮೈಕ್‌ಸೆಟ್ಟಿನ ಹುಡುಗ ಎರಡು ಕಾರ್ಡ್‌ಲೆಸ್ ಮೈಕ್ ತರುತ್ತೇನೆ ಅಂದಿದ್ದ. ಎರಡೂ ತಂದಿದ್ದ, ಸುಳ್ಳಲ್ಲ. ಒಂದು 'ಕುಂಯ್' ಅಂತ ಒಮ್ಮೆ ಕೂಗಿ ಪ್ರಾಣ ಬಿಟ್ಟಿತು. ಒಂದೇ ಮೈಕಿನಲ್ಲಿ ಇಬ್ಬರು. ನಮ್ಮ ರಿಹರ್ಸಲ್ ಎಲ್ಲ ಎರಡು ಲಟ್ಟಣಗಿಯ ಲೆಕ್ಕದಲ್ಲಿ ಆಗಿತ್ತು. ನನ್ನ ಹೊಟ್ಟೆಯಲ್ಲಿ ಕಲ್ಲು ಬಿತ್ತು. ಅಕ್ಕ ಅಂದರು, 'ಒಂದ ಹಂಚಿನ್ಯಾಗ ಇಬ್ರು ರೊಟ್ಟಿ ಮಾಡಂಗಿಲ್ಲೇನು? ನೀ ಕೈ ತಗದ ಮ್ಯಾಲ ನಾ ಕೈ ಹಾಕ್ತೇನಿ.'

11 ಆಯಿತು, ಹನ್ನೊಂದೂವರೆ ಆಯಿತು. ಮುಖ್ಯ ಅತಿಥಿ ಬರಲಿಲ್ಲ. ಫೋನ್ ಮಾಡಿದರೆ 'ಹತ್ತಿರ ಬಂದೀನ್ರಿ' ಅನ್ನೋ ಉತ್ತರ. ಸಭೆಯಲ್ಲಿ 150ಕ್ಕಿಂತ ಜಾಸ್ತಿ ಹೆಂಗಸರು. ಮಕ್ಕಳು ಅಳಲು ಶುರು ಮಾಡಿದವು. ಹಿಂದಿನ ಸಾಲಿನವರು ಅಡುಗೆ ಮನೆ ಕಡೆ ನೋಡಲು ಶುರು ಮಾಡಿದರು. ಮೈಕ್ ನನ್ನ ಕೈಯಲ್ಲಿತ್ತು. ಚೀಟಿ ತಿರುವಿ ಹಾಕಿದೆ. ತಡವಾದರೆ ಏನು ಹೇಳಬೇಕು ಅಂತ ಯಾವ ಚೀಟಿಯಲ್ಲೂ ಬರೆದಿರಲಿಲ್ಲ. 'ಇನ್ನು ಕೆಲವೇ ಕ್ಷಣಗಳಲ್ಲಿ' ಅಂತ ಮೂರು ಸಲ ಹೇಳಿದೆ. ಮೂರನೇ ಸಲಕ್ಕೆ ಮುಂದಿನ ಸಾಲಿನ ಅಜ್ಜಿಯೊಬ್ಬಳು, 'ಎಷ್ಟ್ ಕ್ಷಣವಾ ಅವು?' ಅಂದಳು.

ಅಕ್ಕ ಮೆಲ್ಲಗೆ ಕೈ ಚಾಚಿದರು. ಮೈಕ್ ಕೊಟ್ಟೆ.

'ಅತಿಥಿ ಬರೂತನಾ ನಾವೇನು ಸುಮ್ನೆ ಕೂಡೋದಾ? ಒಡಪು ಹೇಳ್ರೆವಾ. ಹೊಸದಾಗಿ ಮದವಿ ಆದವ್ರು ಮೊದಲ.'

ಒಡಪು ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಹಾಗೇ ಹೇಳುತ್ತಿರಲಿಲ್ಲ. ಮದುವೆ, ಕುಬಸ ಅಂಥ ಕಡೆ ಹೆಸರು ಹೇಳು ಅಂತ ಅಡ್ಡಗಟ್ಟಿ ನಿಂತಾಗ ಎರಡು ಸಾಲು ಪ್ರಾಸ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಈಗಿನ ಹುಡುಗಿಯರು ಗಂಡನನ್ನು ಹೆಸರು ಹಿಡಿದೇ ಕರೆಯುತ್ತಾರೆ, ಆದರೂ ಒಡಪಿನ ಮೋಜು ಹೋಗಿಲ್ಲ. ಅಕ್ಕ ಮೆಟ್ಟಿಲಿಳಿದು ಸಭೆಯ ನಡುವೆ ಹೋಗಿಯೇ ಬಿಟ್ಟರು. ಒಬ್ಬಳು ಗಂಡನ ಹೆಸರಿಗೆ ಮೊಬೈಲ್ ರೀಚಾರ್ಜು ಸೇರಿಸಿ ಪ್ರಾಸ ಹಾಕಿದಳು. 80ರ ಅಜ್ಜಿಯೊಬ್ಬಳು ಮೈಕ್ ಬೇಡ ಅಂತ ದೂಡಿ, ಮೈಕಿಲ್ಲದೆಯೇ ಭವನ ತುಂಬುವ ಹಾಗೆ ಹೇಳಿ, ಸೆರಗು ಬಾಯಿಗೆ ಹಚ್ಚಿಕೊಂಡಳು. ಸಿಳ್ಳೆ ಬಿತ್ತು. ಹೆಂಗಸರೇ ಹೊಡೆದ ಸಿಳ್ಳೆ.

ನಾನು ವೇದಿಕೆ ಮೇಲೆ ಒಬ್ಬಳೇ ನಿಂತಿದ್ದೆ. ಮೈಕಿಲ್ಲ, ಮಾತಿಲ್ಲ, ಕೆಲಸವಿಲ್ಲ. ಕೈ ಎಲ್ಲಿ ಇಡಬೇಕು ಅಂತ ಮೊದಲ ಸಲ ತಿಳಿಯದೆ ಹೋದದ್ದು ಆಗಲೇ. ನಿಜ ಹೇಳಬೇಕೆಂದರೆ ಸ್ವಲ್ಪ ಉರಿಯಿತು ಕೂಡ. ಬರೆದು ಬರೆದು ಕೈ ನೋಯಿಸಿಕೊಂಡವಳು ನಾನು, ಜನ ನಗುತ್ತಿರೋದು ಅವರ ಮಾತಿಗೆ. ಆಮೇಲೆ ಅಕ್ಕ ದೂರದಿಂದ ನನ್ನ ಕಡೆ ತಿರುಗಿ, 'ಏನ್ ತಂಗಿ, ಇದಕ್ಕ ಎಷ್ಟ್ ಮಾರ್ಕ್ಸ್ ಕೊಡ್ತಿ?' ಅಂದರು. ರೇಡಿಯೋದ ಲೆಕ್ಕ. ನಾನು ಬೆರಳಲ್ಲಿ ತೋರಿಸಿದೆ. ಎಂಟು ಅಂತ ತೋರಿಸಿದರೆ ಜನ ಕೂಗಿ ಹತ್ತು ಮಾಡಿಸಿದರು. ಕೈಗೆ ಕೆಲಸ ಸಿಕ್ಕಿತು.

ಹಾಗೇ ನಡೆದಿರುವಾಗ ಹಿಂದಿನಿಂದ ಹುಡುಗಿಯೊಬ್ಬಳು ಕೂಗಿದಳು, 'ಅಕ್ಕಾರ, ಈಗ ನೀವ್ ಒಂದ್ ಹೇಳ್ರಿ!' ಪಾಪ, ಬೇರೆ ಓಣಿಯವಳು, ಗೊತ್ತಿರಲಿಲ್ಲ. ಗೊತ್ತಿದ್ದವರು ಸುಮ್ಮನಾದರು. ಆ ನಿಶ್ಶಬ್ದ ನನಗೆ ವೇದಿಕೆ ಮೇಲೂ ಕೇಳಿಸಿತು. ನಾನು ಓಡಿ ಹೋಗಿ ಮೈಕಿಗೆ ಕೈ ಚಾಚಿದೆ, ಮುಂದಿನದಕ್ಕೆ ಹೋಗೋಣ ಅನ್ನೋ ಹಾಗೆ. ಅಕ್ಕ ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಒಂದು ಸಲ ಉಸಿರೆಳೆದು ಹೇಳಿದರು:

'ಹೊಲದಾಗ ಅರಳೈತಿ ಬಿಳಿ ಹತ್ತಿ, ಹಂಚಿನ್ಯಾಗ ಉಬ್ಬೈತಿ ಬಿಳಿ ರೊಟ್ಟಿ,
ಹತ್ತು ರೂಪಾಯಿಲೆ ಕಟ್ಟಿದ ಸಂಘ ಇಪ್ಪತ್ತೈದು ವರ್ಷ ಗಟ್ಟಿ!'

ಮೊದಲು ಎದ್ದು ಚಪ್ಪಾಳೆ ಹೊಡೆದವರು ಯಾರು ಗೊತ್ತಾ? ದೀಪ ಹಚ್ಚುವ ಹೊತ್ತಿಗೆ ಅಕ್ಕನನ್ನು ಬೇಡ ಅಂದಿದ್ದ ಆ ಹಿರಿಯರೇ.

ಅತಿಥಿ ಬಂದಾಗ 12 ದಾಟಿತ್ತು. ಅವರನ್ನು ಯಾರೂ ಬೈದುಕೊಳ್ಳಲಿಲ್ಲ. ಇನ್ನೂ ನಾಲ್ಕು ಒಡಪು ಆಗಬೇಕಿತ್ತು ಅಂತ ಬೇಜಾರು ಮಾಡಿಕೊಂಡರು, ಅಷ್ಟೇ. ಅಕ್ಕ ದೀಪ ಬೆಳಗಿಸಲು ಕರೆದರು, ದೀಪ ಹೊತ್ತಿತು. ಪ್ರಾಸ್ತಾವಿಕದ ಮುಂಚೆ ನಾನು ಕಣಗಿನಹಾಳದ ಮಾತು ಎತ್ತಿದೆ. ಗದಗಿನ ಪಕ್ಕದ ಆ ಊರಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದರು, ಕೂಡಿಡುವ ಬುದ್ಧಿ ನಮ್ಮ ಮಣ್ಣಿಗೆ ಹೊಸದಲ್ಲ ಅಂದೆ. ಚೀಟಿಯಲ್ಲಿ ಇದ್ದದ್ದು ಅಷ್ಟೇ. ಅಕ್ಕ ಮೈಕಿನ ಕಡೆ ಬಾಗಿ ಕೇಳಿದರು, 'ಅದು ನನ್ನ ತವರೂರು. ಗಂಡಸರು ಸಂಘ ಕಟ್ಟಿದ್ರು ಖರೆ. ಅವರ ಮನಿ ಹೆಣ್ಮಕ್ಕಳು ಎಲ್ಲಿ ಕೂಡಿಟ್ಟಿದ್ರು ಹೇಳು?' ನಾನು, 'ಸಾಸಿವಿ ಡಬ್ಬ್ಯಾಗ' ಅಂದೆ. ಬರೆದುಕೊಂಡ ಮಾತಲ್ಲ ಅದು. ಇಡೀ ದಿನದಲ್ಲಿ ನನ್ನ ಮಾತಿಗೆ ಬಿದ್ದ ದೊಡ್ಡ ನಗೆ ಅದೊಂದೇ, ಅದಕ್ಕೇ ಬರೆದುಕೊಳ್ಳುತ್ತಿದ್ದೇನೆ.

ತಪ್ಪುಗಳೂ ಆದವು. ಫ್ಯಾನಿನ ಗಾಳಿಗೆ ನನ್ನ ಎರಡು ಚೀಟಿ ಹಾರಿ ಅತಿಥಿಗಳ ಕುರ್ಚಿ ಕೆಳಗೆ ಸೇರಿದವು. ಚೀಟಿಗೆ ತೂತು ಹೊಡೆದು ದಾರ ಪೋಣಿಸಬೇಕು ಅಂತ ದಾರದ ಕೆಲಸ ಮಾಡುವ ನನಗೇ ಹೊಳೆದಿರಲಿಲ್ಲ. ಮುಂದೇನು ಅಂತ ತಡಕಾಡುವಾಗ ಅಕ್ಕ ಕಿವಿಯಲ್ಲಿ, 'ಹಿಟ್ಟು ನಾದೋದು' ಅಂದರು. ಹೌದು, ಅತಿಥಿಗಳ ಮಾತು. ಇನ್ನೊಂದು ಕಡೆ ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ನಿಲ್ಲಿಸಿ, 'ನೀವು ಹೇಳ್ರಿ', 'ನೀ ಹೇಳು' ಅಂತ ಮೈಕಿನಲ್ಲೇ ಉಪಚಾರ ಮಾಡಿಕೊಂಡೆವು.

ಅತಿಥಿಗಳಲ್ಲಿ ಒಬ್ಬರು ಮಾತು ಶುರು ಮಾಡಿ ಅರ್ಧ ಗಂಟೆ ದಾಟಿತು. ಮೊದಲಾದರೆ ಚೀಟಿ ಕಳಿಸಬೇಕು, ಅವರು ಅದನ್ನು ಓದಿ ಜೇಬಿಗಿಟ್ಟುಕೊಂಡು ಮುಂದುವರಿಸಬೇಕು. ಅಕ್ಕ ಒಂದು ಗ್ಲಾಸ್ ನೀರು ತುಂಬಿಕೊಂಡು ಹೋಗಿ ಅವರ ಮುಂದಿಟ್ಟು, ಕೈ ಮುಗಿದು ಅಲ್ಲೇ ನಿಂತರು. ಗ್ಲಾಸ್ ವಾಪಸ್ ಒಯ್ಯಲು ನಿಂತ ಹಾಗೆ. ಅವರು ಕುಡಿದರು. ಅಕ್ಕ ಹೋಗಲಿಲ್ಲ. ಅವರು ಇನ್ನೊಂದು ಮಾತು ಆಡಿದರು, ಅಕ್ಕನನ್ನು ನೋಡಿದರು, ನಗುತ್ತಾ ಮುಗಿಸಿದರು. ನಾನು ನೋಡಿದ ನಿರೂಪಣೆಯಲ್ಲೆಲ್ಲ ಇದು ಅತ್ಯುತ್ತಮ. ಇದರಲ್ಲಿ ಒಂದು ಮಾತೂ ಇಲ್ಲ.

ಊಟಕ್ಕೆ ಅಕ್ಕನದೇ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ. ಬಡಿಸುವ ಸಾಲಿನಲ್ಲಿ ನಾವಿಬ್ಬರೂ ನಿಂತೆವು. ಅಷ್ಟು ಹೊತ್ತಿಗೆ ನನ್ನ ಗಂಟಲು ಬಿದ್ದಿತ್ತು, ಅವರದು ಹಾಗೇ ಇತ್ತು.

ಒಂದು ಕೆಟ್ಟ ಕೆಲಸ ಮಾಡಿದ್ದೇನೆ, ಅದನ್ನೂ ಹೇಳಬೇಕು. ಪತ್ರಿಕೆಗೆ ಕೊಡುವ ಸುದ್ದಿಯನ್ನು ನಾನು ಹಿಂದಿನ ರಾತ್ರಿಯೇ ಬರೆದಿಟ್ಟಿದ್ದೆ. ಹಳೆಯ ವರ್ಷದ ಸುದ್ದಿ ಮುಂದಿಟ್ಟುಕೊಂಡು ಹೆಸರುಗಳನ್ನು ಬದಲಿಸುತ್ತಾ ಹೋದೆ. ಕೊನೆಯಲ್ಲಿ ಸ್ವಾಗತಿಸಿದರು, ನಿರೂಪಿಸಿದರು, ವಂದಿಸಿದರು ಅಂತ ಇರುತ್ತದಲ್ಲ, ಅಲ್ಲಿ ಒಂದೊಂದಕ್ಕೂ ಒಂದೊಂದೇ ಹೆಸರು. ನಿರೂಪಿಸಿದರು ಅನ್ನುವಲ್ಲಿ ನನ್ನ ಹೆಸರು ಹಾಕಿದೆ. ನಿದ್ದೆಗಣ್ಣು ಅನ್ನಲೇ, ರೂಢಿ ಅನ್ನಲೇ. ಮೂರನೇ ದಿನ ಹಾಗೇ ಅಚ್ಚಾಯಿತು. ಪತ್ರಿಕೆಯವರದೇನೂ ತಪ್ಪಿಲ್ಲ.

ಪತ್ರಿಕೆ ಹಿಡಿದುಕೊಂಡು ಅಕ್ಕನ ಮನೆಗೆ ಹೋದೆ. ಅವರ ಮೊಮ್ಮಗಳು ಆಗಲೇ ಓದಿ ಹೇಳಿದ್ದಳು. ನಾನು ತಪ್ಪಾಯಿತು ಅಂದೆ. ಅಕ್ಕ ರೊಟ್ಟಿ ಬಡಿಯುತ್ತಲೇ ಇದ್ದರು.

'ಹೆಸರ ಬಂದ್ರ ಏನು ರೊಟ್ಟಿ ಜಾಸ್ತಿ ಹೋಗ್ತಾವ? ಬಿಡವಾ.'

ಇನ್ನೆರಡು ರೊಟ್ಟಿ ಹಂಚಿಗೆ ಬಿದ್ದವು. ಆಮೇಲೆ ತಲೆ ಎತ್ತದೆ ಅಂದರು, 'ಆದ್ರ ಬರೀಬೇಕಿತ್ತು ತಂಗಿ.'

ಸಂಘದ ಪುಸ್ತಕದಲ್ಲಿ ಆ ದಿನದ ಪುಟಕ್ಕೆ ಇಬ್ಬರ ಹೆಸರನ್ನೂ ಬರೆದೆ. ಅವರ ಹೆಸರು ಮೊದಲು. ಅವರ ಕೈಯಿಂದಲೇ ಎದುರಿಗೆ ಸಹಿ ಮಾಡಿಸಿದೆ.

ಹದಿನೈದು ದಿನದ ಹಿಂದೆ ಪಕ್ಕದ ಓಣಿಯ ಸಂಘದವರು ನನ್ನ ಅಂಗಡಿಗೆ ಬಂದಿದ್ದರು. ಅವರಿಗೂ 25 ತುಂಬುತ್ತಿದೆಯಂತೆ. 'ನೀವೊಬ್ರ ಬಂದ್ರೂ ನಡೀತೈತ್ರಿ' ಅಂದರು. ಹೊಲಿಯುತ್ತಿದ್ದ ಜಂಪರ್ ಪಕ್ಕಕ್ಕಿಟ್ಟು ಅವರನ್ನು ಅಕ್ಕನ ಮನೆಗೆ ಕರೆದುಕೊಂಡು ಹೋದೆ. ಅಕ್ಕ ಪೂರ್ತಿ ಕೇಳಿಸಿಕೊಂಡರು.

'ಮೈಕ್ ಎಷ್ಟ್ ಅದಾವು?'

'ಒಂದ್ ಐತ್ರಿ.'

'ಎರಡ್ ತರಸ್ರಿ' ಅಂದರು ಅಕ್ಕ. 'ನೀರಿನ ಗ್ಲಾಸ್ ನಾ ತರ್ತೇನಿ.'